ಮನೆಯಲ್ಲಿ ಎಷ್ಟು ಜನ

ಮಾರ್ಚ್ 12, ಬುಧವಾರ

ಹಂಚಿ ಉಳಿದ ಡೈರಿಗಳನ್ನು ಇವತ್ತು ಕಾಲೇಜಿನಲ್ಲಿ ನಮ್ಮ ಆಫೀಸಿನವರಿಗೆ ಕೊಟ್ಟರು. ಮಾರ್ಚಿನಲ್ಲಿ ಡೈರಿ ಕೊಡುವುದೆಂದರೆ ಊಟ ಮುಗಿದ ಮೇಲೆ ಉಪ್ಪಿನಕಾಯಿ ಬಡಿಸಿದ ಹಾಗೆ. ಆದರೂ ಮನೆಗೆ ತೆಗೆದುಕೊಂಡು ಬಂದೆ. ಬರೆಯಲಿಕ್ಕೆ ವಿಷಯವೂ ಇವತ್ತೇ ಸಿಕ್ಕಿತು. ನಾವು ಮನೆ ಬಿಡಬೇಕು.

ಬಿಜೈಯ ಈ ಹಂಚಿನ ಮನೆಗೆ ವಿಶ್ವೇಶನ ಮನೆಯವರು ಬಾಡಿಗೆಗೆ ಬಂದು ಇಪ್ಪತ್ತೆಂಟು ವರ್ಷ. ನಾನು ಮದುವೆಯಾಗಿ ಕಾಲಿಟ್ಟದ್ದು ಇಲ್ಲಿಗೆ. ಮಗಳು ಸ್ಮೃತಿ ನಡೆಯಲು ಕಲಿತದ್ದು ಈ ಜಗಲಿಯಲ್ಲಿ, ಅತ್ತೆ ತೀರಿಕೊಂಡದ್ದು ಇದೇ ಚಾವಡಿಯಲ್ಲಿ. ಈಗ ಧಣಿಗಳು ಜಾಗವನ್ನು ಬಿಲ್ಡರಿಗೆ ಕೊಟ್ಟಿದ್ದಾರೆ. ಮೇ ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕಂತೆ. ಅದನ್ನು ಹೇಳಲು ಬರುವಾಗ ಒಂದು ಪೆಟ್ಟಿಗೆ ಲಡ್ಡು ಹಿಡಿದುಕೊಂಡು ಬಂದಿದ್ದರು. ನನಗೆ ಬಂದ ಸಿಟ್ಟಿಗೆ ಅದನ್ನು ಹಾಗೆಯೇ ಆಚೆಮನೆಯ ಹ್ಯೂಬರ್ಟ್ ಅಂಕಲ್‌ಗೆ ದಾಟಿಸಿದೆ.

ವಿಶ್ವೇಶ ಔಷಧಿ ಸಗಟು ಅಂಗಡಿಯಲ್ಲಿ ಬಿಲ್ಲು ಬರೆಯುವವನು. ನಾನು ಕಾಲೇಜಿನಲ್ಲಿ ಅಡ್ಮಿಶನ್ ಅರ್ಜಿ ನೋಡುವವಳು. ಮನೆಯವರ ಹೆಸರಿನ ಒಂದು ಕಲಂ ಖಾಲಿ ಬಿಟ್ಟರೂ ಅರ್ಜಿಯನ್ನು ವಾಪಸು ಕಳಿಸುವುದೇ ನನ್ನ ಕೆಲಸ. ಇಬ್ಬರ ಸಂಬಳ ಸೇರಿದರೂ ಹದಿನೈದು ಸಾವಿರದ ಆಚೆಯ ಮನೆ ನಮಗಲ್ಲ. ಸ್ಮೃತಿಗೆ ಈ ಜೂನ್‌ಗೆ ಹತ್ತನೇ ತರಗತಿ. ಮಾವನಿಗೆ ಎಂಬತ್ತನಾಲ್ಕು. ಹೃದಯದ ಮಾತ್ರೆ ನಾಲ್ಕು ಬಗೆ, ಸಂಜೆಯಾದರೆ ಕಾಲು ಊದುತ್ತದೆ. ನಲವತ್ತು ವರ್ಷ ದೇವಿಯ ಗುಡಿಯಲ್ಲಿ ಪೂಜೆ ಮಾಡಿದವರು. ಹೆಸರು ರಾಧಾಕೃಷ್ಣ ಎಂದು ಯಾರಿಗೂ ನೆನಪಿಲ್ಲ, ಊರಿಗೆಲ್ಲ ಬಿಜೈ ಭಟ್ರು.

ಅತ್ತೆ ಹೋದ ಮೇಲೆ ಬೆಳಗ್ಗಿನ ಕಷಾಯ ಮಾವನೇ ಮಾಡುವುದು. ನಾನು ಬಸ್ಸಿಗೆ ಓಡುವ ಮೊದಲು ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಇವತ್ತೂ ನಿಂತಿದ್ದರು. ನಾಲ್ಕು ಜನಕ್ಕೆ ಒಂದು ಮನೆ, ಬೆಳಿಗ್ಗೆ ಒಂದು ಲೋಟ ಕಷಾಯ. ನಾನು ಕೇಳುತ್ತಿರುವುದು ಇಷ್ಟೇ.

ಮಾರ್ಚ್ 23, ಆದಿತ್ಯವಾರ

ಎರಡು ಮನೆ ನೋಡಿದೆವು. ಮೊದಲನೆಯದು ಇಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ. ಬಾಡಿಗೆ ಕೇಳಿ, ಅವರು ಕೊಟ್ಟ ನೀರು ಕುಡಿದು, ಎದ್ದು ಬಂದೆವು.

ಎರಡನೆಯದು ದೇರೆಬೈಲಿನಲ್ಲಿ. ಬಾಡಿಗೆ ನಮ್ಮ ಕೈಗೆಟುಕುವಂಥದ್ದು. ಮನೆಯಾಕೆ ಕುಳ್ಳಿರಿಸಿ ಮೂಲ ಎಲ್ಲಿ, ಯಾವ ಮಠ, ಯಾರ ಪೈಕಿ ಎಂದೆಲ್ಲ ಕೇಳಿದರು. ಎಲ್ಲದರಲ್ಲೂ ಪಾಸಾದೆವು. ಆಮೇಲೆ ಮನೆಯಲ್ಲಿ ಎಷ್ಟು ಜನ ಎಂದರು. ನಾಲ್ಕು ಎಂದೆ. ಮಾವನ ಪ್ರಾಯ ಕೇಳಿದರು. ಹೇಳಿದೆ. ಆಕೆ ಲೋಟ ಎತ್ತಿಕೊಂಡು ಎದ್ದರು.

"ಬೇಸರ ಮಾಡ್ಬೇಡಿ. ನಾಳೆ ಅವರಿಗೆ ಎಂತಾದ್ರೂ ಆಗಿ, ನಕ್ಷತ್ರ ಸರಿ ಇಲ್ಲದಿದ್ರೆ, ನಾವು ಮನೆಗೆ ಬೀಗ ಹಾಕ್ಬೇಕಾಗ್ತದೆ. ನೀವು ಭಟ್ರ ಮನೆಯವರು, ನಿಮಗೆ ನಾನು ಹೇಳಬೇಕಾ?"

ಹೇಳಬೇಕಾಗಿಲ್ಲ. ಧನಿಷ್ಠೆಯಿಂದ ರೇವತಿಯವರೆಗೆ ಐದು ನಕ್ಷತ್ರ, ಐದು ದಿನ. ಪಂಚಕ ಎನ್ನುತ್ತಾರೆ. ಪ್ರತಿ ತಿಂಗಳೂ ಬರುತ್ತದೆ. ಆ ದಿನಗಳಲ್ಲಿ ಸಾವಾದರೆ ಆ ಮನೆಗೆ ದೋಷ, ತಿಂಗಳುಗಟ್ಟಲೆ ಮುಚ್ಚಿಡಬೇಕು. ನಂಬುವವರು ಇದ್ದಾರೆ, ನಂಬದೆ ಹೆದರುವವರು ಇನ್ನೂ ಹೆಚ್ಚು. ಆದರೆ ಬದುಕಿರುವ ಮನುಷ್ಯನನ್ನು ಹೆಣವೆಂದೇ ಲೆಕ್ಕ ಹಿಡಿದು ಮಾತಾಡುವುದನ್ನು ನಾನು ಕೇಳಿದ್ದು ಇವತ್ತೇ ಮೊದಲು. ಪ್ರಾಯ ನಿಮಗೂ ಆಗ್ತದಲ್ಲ ಎಂದು ಮುಖಕ್ಕೇ ಹೇಳಿದೆ. ವಿಶ್ವೇಶ ನನ್ನ ಕೈ ಹಿಡಿದು ಹೊರಗೆ ಕರೆತಂದ.

ಮನೆಗೆ ಬಂದು ಮಾವನ ಎದುರು ಆಕೆಯನ್ನು ಚೆನ್ನಾಗಿ ಬೈದೆ. ಮಾವ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಆಗಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ ಎಂದರು. ಎಷ್ಟೋ ಮನೆಗಳಿಗೆ ಹೋಗಿ, ಪಂಚಾಂಗ ಬಿಡಿಸಿ, ಮುಚ್ಚಿ ಎಂದು ಹೇಳಿ ಬಂದವರು ಮಾವನೇ. ಹೇಳಿ, ದಕ್ಷಿಣೆ ತೆಗೆದುಕೊಂಡು, ನಮ್ಮ ಮನೆಗೆ ಬಂದು ಊಟ ಮಾಡಿ ಮಲಗಿದ್ದಾರೆ. ಮುಚ್ಚಿದ ಮನೆಯವರು ಆ ದಿನ ಎಲ್ಲಿ ಮಲಗಿದರು ಎಂದು ನಾನೂ ಕೇಳಿದವಳಲ್ಲ.

ಏಪ್ರಿಲ್ 6, ಆದಿತ್ಯವಾರ

ತೊಕ್ಕೊಟ್ಟಿನಲ್ಲಿ ಮನೆ ಇದೆ ಎಂದು ಬ್ರೋಕರ್ ಕರೆದುಕೊಂಡು ಹೋದ. ಮಾರ್ಕೆಟಿನಿಂದ ಒಳಗೆ ಐದು ನಿಮಿಷ ನಡೆಯಬೇಕು. ಎರಡು ಕೋಣೆ, ಚಾವಡಿ, ಹಿಂದೆ ಪೇರಳೆ ಮರ. ಬಾಡಿಗೆ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಮನೆಯ ಯಜಮಾನರು ಉಮರಬ್ಬ, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಈಗ ಮಗನಿಗೆ ಬಿಟ್ಟುಕೊಟ್ಟ ಹಿರಿಯರು. ನಾನಾಗಿಯೇ ಮೊದಲು ಹೇಳಿಬಿಟ್ಟೆ, ಎಂಬತ್ತನಾಲ್ಕು ವರ್ಷದ ಮಾವ ಇದ್ದಾರೆ ಎಂದು. ಹೇಳುವಾಗ ಚೀಲ ಹೆಗಲಿಗೇರಿಸಿ ಹೊರಡಲು ತಯಾರಾಗಿಯೇ ನಿಂತಿದ್ದೆ.

"ಅಜ್ಜ ಇದ್ರೆ ಎಂತ ತೊಂದರೆ?" ಎಂದರು ಉಮರಬ್ಬ. "ಮನೆಯಲ್ಲಿ ಹಿರಿಯರು ಒಬ್ರು ಬೇಕು. ನೀವು ಪೂಜೆಯವರಲ್ವಾ, ಬಾವಿ ಉಂಟು ನೋಡಿ. ಬೇಸಗೆಯಲ್ಲೂ ಬತ್ತಿದ್ದಿಲ್ಲ."

ಬಾವಿಗೆ ಇಣುಕಿದೆ. ನೀರು ಸ್ವಚ್ಛವಾಗಿತ್ತು. ಅಷ್ಟರಲ್ಲಿ ಹತ್ತಿರದ ಮಸೀದಿಯಿಂದ ಬಾಂಗ್ ಕೇಳಿಸಿತು. ಆಚೆಮನೆಯವರು ಮೀನು ತೊಳೆದ ನೀರು ಚೆಲ್ಲಿದರು. ನಾನೂ ವಿಶ್ವೇಶನೂ ಮುಖ ಮುಖ ನೋಡಿಕೊಂಡೆವು. ಯೋಚಿಸಿ ಹೇಳುತ್ತೇವೆ ಎಂದು ಬಂದೆವು.

ನೇತ್ರಾವತಿ ಸೇತುವೆಯ ಮೇಲೆ ಬಸ್ಸು ಅರ್ಧ ಗಂಟೆ ನಿಂತಿತು. ಈ ಟ್ರಾಫಿಕ್ಕಿನಲ್ಲಿ ಸ್ಮೃತಿ ಸ್ಕೂಲಿಗೆ ಬರುವುದು ಹೇಗೆ ಎಂದು ಶುರು ಮಾಡಿದೆವು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದು ಮಾತಿಗೆ: ಮಾವನಿಗೆ ಅಲ್ಲಿ ಆಗಲಿಕ್ಕಿಲ್ಲ. ಮಾವನನ್ನು ಕೇಳುವ ಅಗತ್ಯವೇ ಬರಲಿಲ್ಲ, ಅವರಿಗೆ ಆಗಲಿಕ್ಕಿಲ್ಲ ಎಂದು ನಮಗೆ ಗೊತ್ತಿದೆಯಲ್ಲ.

ಏಪ್ರಿಲ್ 17, ಗುರುವಾರ

ಈ ವಾರ ಮೂರು ಕಡೆ ಇಲ್ಲ ಎಂದರು. ಒಬ್ಬರು ಫೋನಿನಲ್ಲಿ, ಒಬ್ಬರು ಗೇಟಿನಲ್ಲಿ, ಒಬ್ಬರು ಕಾಫಿ ಕೊಟ್ಟು. ಕಾಫಿ ಕೊಟ್ಟವರ ಮೇಲೆ ಹೆಚ್ಚು ಸಿಟ್ಟು ಬಂತು. ಕಾರಣ ಎಲ್ಲ ಕಡೆಯೂ ಒಂದೇ. ಈಗ ವಾದ ಮಾಡುವುದು ಬಿಟ್ಟಿದ್ದೇನೆ.

ಏಪ್ರಿಲ್ 27, ಆದಿತ್ಯವಾರ

ಮನೆ ಸಿಕ್ಕಿತು.

ದೇರೆಬೈಲಿನ ಒಳರಸ್ತೆಯಲ್ಲಿ, ಕೆಳಗಿನ ಮನೆ. ಮೇಲಿನದಕ್ಕೆ ಬೀಗ, ಅವರು ಮಸ್ಕತ್‌ನಲ್ಲಿದ್ದಾರೆ. ಎದುರು ನಾಲ್ಕು ತೆಂಗಿನಮರ, ದಾಸವಾಳದ ಗಿಡ, ಮೆಟ್ಟಿಲು ಕಟ್ಟಿದ ಬಾವಿ. ಓನರ್ ಶ್ರೀನಂದನ ರಾವ್, ಬ್ಯಾಂಕಿನಿಂದ ನಿವೃತ್ತರು. ಊರಿನ ಇನ್ನೊಂದು ತುದಿಯಲ್ಲಿ ಮಗಳ ಜೊತೆ ಇದ್ದಾರೆ. ತಿಂಗಳ ಮೊದಲ ಆದಿತ್ಯವಾರ ತೆಂಗಿನಮರ ನೋಡಿಕೊಂಡು ಹೋಗಲು ಬರುತ್ತಾರಂತೆ. ಮೃದು ಮಾತಿನ ಮನುಷ್ಯ.

ಮಾತಿನ ನಡುವೆ ತಾವಾಗಿಯೇ ಹೇಳಿದರು. ಆರು ವರ್ಷದ ಹಿಂದೆ ಈ ಮನೆಯಲ್ಲಿದ್ದ ಬಾಡಿಗೆಯವರ ತಾಯಿ ತೀರಿಕೊಂಡರು, ಧನಿಷ್ಠೆಯ ದಿನ. ಬಿಜೈ ಕಡೆಯ ಭಟ್ಟರೊಬ್ಬರು ಬಂದು ಪಂಚಾಂಗ ನೋಡಿ ಆರು ತಿಂಗಳು ಮುಚ್ಚಬೇಕು ಎಂದರು. ಮುಚ್ಚಿದರು. ಆಮೇಲೆ ಹೆಸರು ಕೆಟ್ಟು ಎರಡು ವರ್ಷ ಯಾರೂ ಬರಲಿಲ್ಲ. ಇಷ್ಟು ಹೇಳಿ ಅವರು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು.

ವಿಶ್ವೇಶ ಬಾವಿಯ ಹತ್ತಿರ ಇದ್ದ. ನಾನೇ ಹೇಳಿದೆ. "ಮೂರು ಜನ."

ಕರಾರು ಪತ್ರ ತುಂಬಿಸುವಾಗ ನೋಡಿದೆ. ಅದರಲ್ಲಿ ತಂದೆಯ ಹೆಸರು ಬರೆಯಲು ಜಾಗ ಇದೆ, ಆ ತಂದೆ ಬದುಕಿದ್ದಾರಾ ಎಂದು ಕೇಳುವ ಕಲಂ ಇಲ್ಲ. ರಾಧಾಕೃಷ್ಣ ಎಂದು ಬರೆದೆವು. ಶ್ರೀನಂದನರಾಯರಿಗೆ ಏನೂ ಹೊಳೆಯಲಿಲ್ಲ.

ಏಪ್ರಿಲ್ 28, ಸೋಮವಾರ

ಮಾವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳದೆ ಇದ್ದಿದ್ದರೆ ನಿನ್ನೆಯಿಂದ ನುಂಗಿದ್ದು ಒಳಗೆ ಇಳಿಯುತ್ತಿರಲಿಲ್ಲ. ಅವರು ದೀಪದ ಬತ್ತಿ ಹೊಸೆಯುತ್ತಾ ಕೂತಿದ್ದರು. ಯಾವ ಮನೆ ಎಂದು ಕೇಳಿದರು. ಬಾವಿಗೆ ಮೆಟ್ಟಿಲು ಇದೆಯಾ, ಗೇಟಿನ ಹತ್ತಿರ ದಾಸವಾಳ ಇದೆಯಾ ಎಂದರು. ಇದೆ ಎಂದೆ.

"ಆ ಭಟ್ಟ ನಾನೇ," ಎಂದರು.

ವಿಶ್ವೇಶ ತಲೆಯೆತ್ತಿ ನೋಡಿದ. ಮಾವ ಹೊಸೆದ ಬತ್ತಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು.

"ನಕ್ಷತ್ರ ಸರಿಯಾಗಿಯೇ ನೋಡಿದ್ದೆ. ಪಾಪ, ಆ ಮನೆಯವರು ಒಂದೆರಡು ತಿಂಗಳಿಗೆ ಇಳಿಸಿ ಅಂತ ಬೇಡಿಕೊಂಡ್ರು. ನಾನು ಆಗುದಿಲ್ಲ ಅಂದೆ."

ಅಷ್ಟು ಹೇಳಿ ಅವರು ಸ್ನಾನಕ್ಕೆ ಹೋದರು. ಆಚೆಮನೆಯ ಹ್ಯೂಬರ್ಟ್ ಅಂಕಲ್ ಸಂಜೆ ಗೋಡೆಯ ಮೇಲಿನಿಂದ ಮನೆ ಸಿಕ್ಕಿತಾ ಎಂದು ವಿಚಾರಿಸಿದರು. ಸಿಕ್ಕಿತು ಎಂದೆ. ದೇವರು ದೊಡ್ಡವನು ಎಂದರು. ನನಗೆ ಸುಮ್ಮನೆ ಅಳು ಬಂತು.

ಮೇ 18, ಆದಿತ್ಯವಾರ

ಸಾಮಾನು ಸಾಗಿಸಿ ಆಯಿತು. ಸೊಂಟ ನೆಟ್ಟಗಾಗುತ್ತಿಲ್ಲ. ಹೊಸ ಮನೆಯಲ್ಲಿ ಒಂದು ಕೋಣೆ ನಮಗೆ, ಒಂದು ಸ್ಮೃತಿಗೆ. ಮಾವನಿಗೆ ಚಾವಡಿಯಲ್ಲಿ ಮಡಚುವ ಮಂಚ. ಓನರ್ ಬರುವ ದಿನ ಮಡಚಿ ಬಾಗಿಲ ಹಿಂದೆ ಇಡಬಹುದು, ಮಾವ ಅಷ್ಟು ಹೊತ್ತು ದೇವಸ್ಥಾನದಲ್ಲಿ ಕೂತು ಬರುತ್ತಾರೆ. ಯೋಚನೆ ನನ್ನದೇ.

ಆದರೆ ಮಾವನ ಯೋಚನೆ ಬೇರೆಯೇ. ನಾಡಿದ್ದು ಮಂಗಳವಾರ ಪಂಚಕ ಶುರು. ಆ ಐದು ದಿನ ಅವರು ಈ ಮನೆಯಲ್ಲಿ ಇರುವುದಿಲ್ಲವಂತೆ. ಬಿಜೈಗೆ ಹೋಗಿ ಹ್ಯೂಬರ್ಟ್ ಅಂಕಲ್ ಹತ್ತಿರ ಮಾತಾಡಿ ಬಂದಿದ್ದಾರೆ. ಅವರ ಹಿತ್ತಿಲಿನಲ್ಲಿ ಒಂದು ಕೋಣೆ ಇದೆ, ಮೊದಲು ನರ್ಸಿಂಗ್ ಹುಡುಗಿಯರಿಗೆ ಕೊಡುತ್ತಿದ್ದದ್ದು. ಅಲ್ಲಿ ಗ್ಯಾಸು ಒಲೆ ಇದೆ, ಮಾವ ಗಂಜಿ ತಾವೇ ಬೇಯಿಸಿಕೊಳ್ಳುತ್ತಾರೆ, ನೀರು ಅವರ ಬಾವಿಯದ್ದು. ಅಂಕಲ್‌ನ ಹೆಂಡತಿ ಮಟಿಲ್ಡಾ ಆಂಟಿ ನಲವತ್ತು ವರ್ಷ ನರ್ಸ್ ಆಗಿದ್ದವರು, ಬೀಪಿ ನೋಡುತ್ತಾರೆ.

ನಾನು ಜಗಳ ಆಡಿದೆ. ಯಾರ ಮನೆಯಲ್ಲೋ ಹೋಗಿ ಬಿದ್ದುಕೊಳ್ಳುವ ಗತಿ ನಿಮಗೆ ಬಂದಿಲ್ಲ ಎಂದೆ.

"ಸುಳ್ಳು ಹೇಳಿ ಬಂದದ್ದಾಯ್ತಲ್ಲ ಭಾರ್ಗವಿ," ಎಂದರು ಮಾವ. "ಅವರ ಮನೆ ಒಮ್ಮೆ ನನ್ನ ಬಾಯಿಂದ ಮುಚ್ಚಿತು. ಇನ್ನೊಮ್ಮೆ ನನ್ನ ಹೆಣದಿಂದ ಮುಚ್ಚುವುದು ಬೇಡ. ಪೊರ್ಬುಗಳ ಮನೆಗೆ ಆ ನಕ್ಷತ್ರ ಇಲ್ಲ. ಅಲ್ಲಿ ಹೋದ್ರೆ ಯಾರಿಗೂ ತೊಂದರೆ ಇಲ್ಲ."

ಪೊರ್ಬುಗಳು ಎಂದು ಅವರು ಗೌರವದಿಂದ ಕರೆಯುವುದು ಕ್ರೈಸ್ತರಾದ ಹ್ಯೂಬರ್ಟ್ ಅಂಕಲ್‌ನನ್ನು. ನಲವತ್ತು ವರ್ಷ ಮಡಿಯಲ್ಲಿದ್ದವರು ಅಲ್ಲಿ ಹೇಗೆ ಇರುತ್ತೀರಿ ಎಂದು ಕೇಳಿದೆ. ಮಾವ ನಕ್ಕರು. ನೀರು ಸೇದಲು ಹಗ್ಗ ಉಂಟಲ್ಲ, ಇನ್ನೆಂತ ಬೇಕು ಎಂದರು. ಆಗ ತೊಕ್ಕೊಟ್ಟಿನ ಬಾವಿ ನೆನಪಾಯಿತು. ಬೇಗ ಬೇರೆ ಕೆಲಸಕ್ಕೆ ಎದ್ದೆ.

ಮೇ 20, ಮಂಗಳವಾರ

ಬೆಳಿಗ್ಗೆ ವಿಶ್ವೇಶ ಅವರನ್ನು ಸ್ಕೂಟರಿನಲ್ಲಿ ಬಿಟ್ಟು ಬಂದ. ಕಂದು ಚೀಲ, ಎರಡು ಪಂಚೆ, ಪಂಚಾಂಗ, ಮಾತ್ರೆಯ ಡಬ್ಬಿ. ಹೊರಡುವ ಮೊದಲು ನನಗೆ ಕಷಾಯ ಮಾಡಿ ಇಟ್ಟಿದ್ದರು. ಕುಡಿಯಲಾಗಲಿಲ್ಲ. ಚೆಲ್ಲಲೂ ಮನಸ್ಸು ಬಾರದೆ ಹಾಗೇ ಮುಚ್ಚಿಟ್ಟು ಹೋದೆ. ಸಂಜೆ ಬರುವಾಗ ಹುಳಿ ಬಂದಿತ್ತು.

ಅಜ್ಜನನ್ನು ಓಡಿಸಿದ್ದು ನೀನು ಎಂದು ಸ್ಮೃತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ಹದಿನೈದು ವರ್ಷದ ಹುಡುಗಿಗೆ ಬಾಡಿಗೆ ಮನೆಯ ಕಷ್ಟ ಏನು ಗೊತ್ತು.

ಮೇ 25, ಆದಿತ್ಯವಾರ

ಮಾವ ಬಂದರು. ನಾನು ಪಾಯಸ ಮಾಡಿದೆ. ಹ್ಯೂಬರ್ಟ್ ಅಂಕಲ್ ಬೆಳಿಗ್ಗೆ ರೇಡಿಯೋ ಹಾಕಿದರೆ ಗೋಡೆ ಅದುರುತ್ತದಂತೆ, ಮಟಿಲ್ಡಾ ಆಂಟಿ ಬೀಪಿ ನೋಡುವಾಗ ಸ್ಕೂಲಿನ ಮಕ್ಕಳಿಗೆ ಗದರಿಸಿದ ಹಾಗೆ ಗದರಿಸುತ್ತಾರಂತೆ. ನಗುತ್ತಾ ಹೇಳಿದರು. ಮುಂದಿನ ತಿಂಗಳು ಇದೆಲ್ಲ ಬೇಡ ಎಂದು ನಾನು ಮತ್ತೆ ಹೇಳಿದೆ. ನೋಡುವ ಎಂದರು.

ಜೂನ್ 15, ಆದಿತ್ಯವಾರ

ಮೂರು ದಿನದಿಂದ ಎಡೆಬಿಡದ ಮಳೆ. ನಾಳೆ ಪಂಚಕ. ಈ ಮಳೆಯಲ್ಲಿ ಹೋಗುವುದು ಬೇಡ ಎಂದೆ. ಮಾವ ಕೇಳಲಿಲ್ಲ. ಹಟಮಾರಿತನದಲ್ಲಿ ಮಗನಿಗೂ ಅಪ್ಪನಿಗೂ ವ್ಯತ್ಯಾಸ ಇಲ್ಲ. ಸರಿ, ಹೋಗುವುದಾದರೆ ನೆಟ್ಟಗೆ ಹೋಗಲಿ ಎಂದು ಚೀಲ ನಾನೇ ಕಟ್ಟಿದೆ. ಕಳೆದ ಸಲ ಕಾಲಿನ ಎಣ್ಣೆ ಮರೆತಿದ್ದರು. ಒಂದು ದಪ್ಪ ಶಾಲು, ಮಾತ್ರೆ ಐದು ದಿನಕ್ಕೆ ಎಣಿಸಿ ಬೇರೆ ಬೇರೆ ಪೊಟ್ಟಣ. ಮುಂದಿನ ಪಂಚಕಗಳಿಗೆ ಡಿಸೆಂಬರಿನವರೆಗೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಪ್ರತಿ ಸಲ ಪಂಚಾಂಗ ಹುಡುಕುವ ಕೆಲಸ ತಪ್ಪಿತು.

ಜುಲೈ 6, ಆದಿತ್ಯವಾರ

ಇವತ್ತು ಜೀವ ಬಾಯಿಗೆ ಬಂತು.

ಶ್ರೀನಂದನರಾಯರು ಹತ್ತು ಗಂಟೆಗೆ ಬರುವವರು ಎಂಟಕ್ಕೇ ಬಂದುಬಿಟ್ಟರು. ಮಾವ ಆಗ ಬರಿಮೈಗೆ ಶಾಲು ಹೊದ್ದುಕೊಂಡು ಗೇಟಿನ ಹತ್ತಿರ ಪೂಜೆಗೆ ದಾಸವಾಳ ಕೊಯ್ಯುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ರಾಯರು ಕಣ್ಣು ಕಿರಿದು ಮಾಡಿ ನೋಡಿ, "ಬಿಜೈ ಭಟ್ರಲ್ವಾ? ನೀವು ಇಲ್ಲಿ ಎಂತ?" ಎಂದು ಕೈಮುಗಿದರು.

ಮಾವ ತಡಮಾಡಲಿಲ್ಲ. "ಇವರು ಗುರುತಿನವರು. ಹೀಗೇ ಬಂದದ್ದು. ಈಗ ಹೊರಟೆ."

ಕೊಯ್ದ ಹೂವನ್ನು ಜಗಲಿಯ ಮೇಲೆ ಇಟ್ಟರು, ಮೂಲೆಯ ಕೊಡೆ ತೆಗೆದುಕೊಂಡರು, ರಸ್ತೆಗೆ ಇಳಿದರು. ಅಂಗಿಯೂ ಹಾಕಿರಲಿಲ್ಲ, ಮಾತ್ರೆಯೂ ತೆಗೆದುಕೊಂಡಿರಲಿಲ್ಲ. ಚಾವಡಿಯಲ್ಲಿ ಮಂಚ ಬಿಡಿಸಿದ ಹಾಗೇ ಇತ್ತು. ಸ್ಮೃತಿ ಅದರ ಮೇಲೆ ಪುಸ್ತಕ ಹರಡಿ ಕೂತುಬಿಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ.

ರಾಯರು ಕಾಫಿ ಕುಡಿಯುತ್ತಾ, ಅವತ್ತು ಮನೆ ಮುಚ್ಚಲು ಹೇಳಿದವರು ಅವರೇ, ಈ ಪ್ರಾಯದಲ್ಲೂ ಎಷ್ಟು ಚುರುಕು ನೋಡಿ ಎಂದು ಹೊಗಳಿದರು. ಅವರ ಮಕ್ಕಳು ಎಲ್ಲಿದ್ದಾರಂತೆ ಎಂದು ಕೇಳಿದರು.

"ಗೊತ್ತಿಲ್ಲ," ಎಂದೆ.

ಅವರು ಹೋದ ಮೇಲೆ ವಿಶ್ವೇಶ ಹುಡುಕಿಕೊಂಡು ಹೊರಟ. ಮಾವ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಮಳೆಯ ಇರಚಲಿಗೆ ಒದ್ದೆಯಾಗಿ ಕೂತಿದ್ದರು. ಎರಡು ಗಂಟೆ ಕೂತಿದ್ದರು. ಬಂದವರೇ ನನ್ನನ್ನು ಕೇಳಿದ್ದು, ರಾಯರಿಗೆ ಸಂಶಯ ಬರಲಿಲ್ಲವಲ್ಲ ಎಂದು. ನಾನು ತಲೆ ಒರೆಸಿಕೊಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಗುರುತಿನವರು. ನಾನು ಹೇಳಿದ್ದು ಅದಕ್ಕಿಂತಲೂ ಕೆಟ್ಟದ್ದು.

ಆದರೂ ರಾಯರಿಗೆ ಸಂಶಯ ಬರಲಿಲ್ಲ ಎಂಬುದು ದೊಡ್ಡ ಸಮಾಧಾನ. ಬಂದಿದ್ದರೆ ಈ ಮಳೆಯಲ್ಲಿ ನಾಲ್ಕೂ ಜನ ಎಲ್ಲಿಗೆ ಹೋಗಬೇಕಿತ್ತು.

ಜುಲೈ 19, ಶನಿವಾರ

ಒದ್ದೆಯಾದದ್ದಕ್ಕೆ ಮಾವನಿಗೆ ಕೆಮ್ಮು ಹಿಡಿದಿತ್ತು. ಜ್ವರ ಇರುವಾಗಲೇ ಹದಿಮೂರಕ್ಕೆ ಪಂಚಕ ಬಂತು. ಹೋಗುವುದು ಬೇಡ ಎಂದು ಈ ಸಲ ನಾನು ಹೇಳಲಿಲ್ಲ. ಜ್ವರ ಇರುವಾಗ ಮನೆಯಲ್ಲಿರುವುದೇ ಹೆಚ್ಚು ಅಪಾಯ ಎಂದು ತೋರಿತು. ಅಲ್ಲಿ ಮಟಿಲ್ಡಾ ಆಂಟಿ ನರ್ಸ್, ನಾನು ಇದ್ದು ಮಾಡುವುದಕ್ಕಿಂತ ಅವರು ಚೆನ್ನಾಗಿ ನೋಡುತ್ತಾರೆ. ಇದನ್ನು ವಿಶ್ವೇಶನಿಗೆ ಹೇಳಿದಾಗ ಅವನೂ ಹೌದು ಎಂದ.

ನಿನ್ನೆ ಪಂಚಕ ಮುಗಿಯಿತು. ಇವತ್ತು ಕರೆದುಕೊಂಡು ಬರಬೇಕಿತ್ತು. ಕೆಮ್ಮು ಪೂರ್ತಿ ಇಳಿಯಲಿ, ನಾಲ್ಕು ದಿನ ಬಿಟ್ಟು ಕರೆಯುವ ಎಂದುಕೊಂಡೆವು.

ಆಗಸ್ಟ್ 9, ಶನಿವಾರ

ನಾಳೆ ಕೆಂಪು ಸುತ್ತು. ಚೀಲ ಬೆಳಿಗ್ಗೆಯೇ ಕಟ್ಟಿ ಬಾಗಿಲ ಹತ್ತಿರ ಇಟ್ಟೆ. ಮಾವ ಏಳುವಾಗ ಅದು ಕಣ್ಣಿಗೆ ಬಿತ್ತು. ಇವತ್ತೇನಾ ಎಂದು ಕೇಳಿದರು. ನಾಳೆ, ಆದರೆ ಇವತ್ತು ವಿಶ್ವೇಶನಿಗೆ ಪುರುಸೊತ್ತಿದೆ ಎಂದೆ. ಆಗಲಿ ಎಂದರು. ಕಷಾಯ ಮಾಡಲು ಹೊರಟವರನ್ನು ನಾನೇ ತಡೆದೆ, ಕೈ ನಡುಗಿ ಪಾತ್ರೆ ಬೀಳಿಸುತ್ತಾರೆ. ನನಗೂ ಈಗ ಆಫೀಸಿನ ಟೀ ಅಭ್ಯಾಸವಾಗಿದೆ.

ಮಧ್ಯಾಹ್ನ ಚಾವಡಿ ಗುಡಿಸಿದೆ. ಮಂಚ ಮಡಚಿದರೆ ಎಷ್ಟು ಜಾಗ.

ಆಗಸ್ಟ್ 23, ಶನಿವಾರ

ಹ್ಯೂಬರ್ಟ್ ಅಂಕಲ್ ಫೋನು ಮಾಡಿದ್ದರು. ಪಂಚಕ ಮುಗಿದು ಒಂಬತ್ತು ದಿನವಾಯಿತಲ್ಲ ಎಂದು ಅವರೇ ಲೆಕ್ಕ ಹೇಳಿದರು. ಕ್ರೈಸ್ತರಿಗೆ ಪಂಚಾಂಗ ಕಲಿಸಿಬಿಟ್ಟಿದ್ದಾರೆ ನಮ್ಮ ಮಾವ. ನಿಮಗೆ ಭಾರವಾಗುತ್ತಿದೆಯಾ ಅಂಕಲ್ ಎಂದು ಕೇಳಿದೆ. ಸ್ವಲ್ಪ ಬಿರುಸಾಗಿಯೇ ಕೇಳಿದೆ.

"ಭಾರ ಎಂತದ್ದು ಮಾರಾಯ್ತಿ. ಭಟ್ರು ದಿನಾ ಬೆಳಿಗ್ಗೆ ಚೀಲ ಕಟ್ಟಿ ಗೇಟಿನ ಹತ್ರ ಕೂತ್ಕೊಳ್ತಾರೆ. ಊಟದ ಹೊತ್ತಿಗೆ ಒಳಗೆ ಬಂದು ಬಿಚ್ಚುತ್ತಾರೆ. ಅದನ್ನು ಹೇಳುವ ಅಂತ ಮಾಡಿದ್ದು."

ಸ್ಮೃತಿಯ ಪರೀಕ್ಷೆ ನಡೆಯುತ್ತಿದೆ, ಮುಗಿದ ಕೂಡಲೇ ಕರೆದುಕೊಂಡು ಬರುತ್ತೇವೆ ಎಂದೆ. ಸುಳ್ಳಲ್ಲ. ಓದುವ ಮೇಜನ್ನು ಅವಳ ಕೋಣೆಯಿಂದ ಚಾವಡಿಗೆ ತಂದಿದ್ದೇವೆ, ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಅದು ಇಟ್ಟ ಮೇಲೆ ಮಂಚ ಬಿಡಿಸಲು ಆಗುವುದಿಲ್ಲ. ಮಂಚ ಹೇಗೂ ಅಲ್ಲಿಗೇ ಬೇಕಾಗುತ್ತದೆ ಎಂದು ವಿಶ್ವೇಶ ರಿಕ್ಷಾದಲ್ಲಿ ಹಾಕಿ ಕಳಿಸಿದ. ಮಾವನಿಗೆ ಇಷ್ಟು ದಿನ ಬೆತ್ತದ ಬೆಂಚಿನ ಮೇಲೆ ಮಲಗಿ ಬೆನ್ನು ನೋಯುತ್ತಿತ್ತಂತೆ.

ಸೆಪ್ಟೆಂಬರ್ 10, ಬುಧವಾರ

ಆಫೀಸಿನಲ್ಲಿ ಲೆಕ್ಕಪರಿಶೋಧನೆ. ತಲೆ ಎತ್ತಲು ಪುರುಸೊತ್ತಿಲ್ಲ. ವಿಶ್ವೇಶ ಹದಿನೈದು ದಿನಕ್ಕೊಮ್ಮೆ ಮಾತ್ರೆ ಕೊಟ್ಟು ಬರುತ್ತಾನೆ. ನಾನು ಕಳೆದ ಆದಿತ್ಯವಾರ ಹೋಗಬೇಕೆಂದಿದ್ದೆ. ಶ್ರೀನಂದನರಾಯರು ಬರುವ ದಿನ ಅದು ಎಂದು ನೆನಪಾಗಿ ಉಳಿದೆ. ಈ ಸಲ ಅವರು ಬಂದಾಗ ಮೈ ಬೆವರಲಿಲ್ಲ. ಕೂತು ನೆಮ್ಮದಿಯಿಂದ ಮಾತಾಡಿದೆ. ಮನೆ ಚೆನ್ನಾಗಿ ಇಟ್ಟುಕೊಂಡಿದ್ದೀರಿ, ಮುಂದಿನ ವರ್ಷಕ್ಕೂ ನೀವೇ ಇರಿ ಎಂದರು.

ಅಕ್ಟೋಬರ್ 5, ಆದಿತ್ಯವಾರ

ಮನೆಮನೆಗೆ ಬರುವ ಸರಕಾರಿ ಸಮೀಕ್ಷೆಯ ಟೀಚರ್ ಇವತ್ತು ಮಧ್ಯಾಹ್ನ ಬಂದರು. ಬಿಸಿಲಿನಲ್ಲಿ ನಡೆದು ನಡೆದು ಸುಸ್ತಾಗಿದ್ದರು, ಪಾಪ. ಕುಳ್ಳಿರಿಸಿ ಮಜ್ಜಿಗೆ ಕೊಟ್ಟೆ. ಸರಕಾರದ ಅರ್ಜಿ ತುಂಬಿಸುವ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮೊಬೈಲು ನೋಡುತ್ತಾ ಒಂದೊಂದೇ ಕೇಳಿದರು. ಮನೆಯಲ್ಲಿ ಎಷ್ಟು ಜನ ಎಂದಾಗ ನಾನು ಲೋಟ ತೆಗೆದುಕೊಂಡು ಹೋಗಲು ಬಗ್ಗಿದ್ದೆ. ಸ್ಮೃತಿ ಮೇಜಿನಿಂದ ತಲೆ ಎತ್ತದೆ ಹೇಳಿದಳು.

"ಮೂರು."

ಟೀಚರ್ ನನ್ನ ಮುಖ ನೋಡಿದರು. ಹೌದು, ಮೂರು ಎಂದೆ. ಮೂವರ ಹೆಸರು, ಪ್ರಾಯ, ಕೆಲಸ ಎಲ್ಲ ಬರೆದುಕೊಂಡರು. ಅರ್ಧ ಗಂಟೆಯ ಕೆಲಸ. ಏನಾದರೂ ಬಿಟ್ಟುಹೋಗಿದ್ದರೆ ಈ ವಾರದೊಳಗೆ ಹೇಳಿ ಎಂದು ಫೋನ್ ನಂಬರ್ ಬರೆದ ಚೀಟಿ ಕೊಟ್ಟು ಹೋದರು.

ಸಂಜೆ ಹ್ಯೂಬರ್ಟ್ ಅಂಕಲ್ ಫೋನು ಮಾಡಿದರು. ಅವರ ಮನೆಗೂ ಸಮೀಕ್ಷೆಯವರು ಬಂದಿದ್ದರಂತೆ.

"ಹಿತ್ತಿಲ ಕೋಣೆಯಲ್ಲಿ ಯಾರಿದ್ದಾರೆ ಅಂತ ಕೇಳಿದ್ರು. ನಾನು ಭಟ್ರ ಹೆಸರು ಹೇಳ್ಲಿಕ್ಕೆ ಹೊರಟೆ, ಭಟ್ರು ಬಿಡ್ಲಿಲ್ಲ. ನನ್ನನ್ನು ಮಗನ ಮನೆಯಲ್ಲಿ ಬರೆದಿರ್ತಾರೆ, ಎರಡು ಕಡೆ ಬರೆದ್ರೆ ತಪ್ಪಾಗ್ತದೆ ಅಂದ್ರು. ನೀವು ಬರ್ಸಿದ್ದೀರಲ್ಲ?"

ಬರೆಸಿದ್ದೇವೆ ಅಂಕಲ್ ಎಂದೆ.

ಫೋನು ಇಟ್ಟ ಮೇಲೆ ಚೀಟಿ ಹುಡುಕಿದೆ, ಸಿಕ್ಕಿತು. ಟೀಚರಿಗೆ ಈಗಲೇ ಫೋನು ಮಾಡಿ ಒಂದು ಹೆಸರು ಬಿಟ್ಟುಹೋಗಿದೆ ಎಂದು ಹೇಳಬಹುದು, ನಮ್ಮ ಆಫೀಸಿನಲ್ಲಿ ದಿನಕ್ಕೆ ಹತ್ತು ಜನ ಹಾಗೆ ಬಂದು ಹೇಳುತ್ತಾರೆ. ನಂಬರ್ ಒತ್ತುವ ಮೊದಲು ಕ್ಯಾಲೆಂಡರಿನ ಕಡೆ ಕಣ್ಣು ಹೋಯಿತು. ಕೆಂಪು ಸುತ್ತು ಬುಧವಾರದವರೆಗೆ ಇದೆ. ಈ ದಿನಗಳಲ್ಲಿ ಅವರನ್ನು ಈ ಮನೆಯ ಲೆಕ್ಕಕ್ಕೆ ಸೇರಿಸುವುದು ಬೇಡ. ಗುರುವಾರ ಮಾಡಿದರಾಯಿತು.